ಎಸ್.ಪಿ. ರಸ್ತೆಯಲ್ಲಿ ಹಳೆಯ ಟಿ.ವಿ.ಗೆ ಮರುಜೀವ

ಬೆಂಗಳೂರಿನ ಪುರಭವನದ ಮುಂದೆ ನಿಂತು ಎಸ್.ಪಿ. ರಸ್ತೆ ಎಲ್ಲಿ ಎಂದು ಕೇಳಿದರೆ ಕೆಲವರು ಎಸ್.ಜೆ.ಪಿ. ರಸ್ತೆಯ ಕಡೆಗೆ ಕೈ ತೋರಿಸಿಬಿಡುತ್ತಾರೆ. ಹೆಸರುಗಳು ಅಣ್ಣತಮ್ಮಂದಿರಂತಿವೆ, ರಸ್ತೆಗಳೂ ಕೂಗಳತೆಯಲ್ಲೇ ಇವೆ. ಆದರೆ ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆಗೆ ಹೋದವರಿಗೆ ನೀರೆತ್ತುವ ಪಂಪು, ಮೋಟಾರು, ಸ್ಪ್ಯಾನರು ಸಿಕ್ಕಾವೇ ಹೊರತು ಟಿ.ವಿ.ಯ ಬಿಡಿಭಾಗ ಸಿಗುವುದಿಲ್ಲ. ಅದಕ್ಕೆ ಹೋಗಬೇಕಾದದ್ದು ಸಾದರ ಪತ್ರಪ್ಪ ರಸ್ತೆಗೆ. ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ, ಎಸ್.ಪಿ. ರೋಡ್ ಎಂದರೆ ಸಾಕು.

ನಗರ್ತಪೇಟೆ, ಕುಂಬಾರಪೇಟೆ, ಕಬ್ಬನ್‌ಪೇಟೆಗಳ ಹಳೆಯ ಬೆಂಗಳೂರು ಇದು. ಕರಗದ ಧರ್ಮರಾಯಸ್ವಾಮಿ ಗುಡಿ ಇಲ್ಲಿಂದ ದೂರವಿಲ್ಲ. ಎರಡು ಆಳು ಎದುರುಬದುರಾದರೆ ಒಬ್ಬರು ಓರೆಯಾಗಬೇಕಾದ ಓಣಿಗಳು. ತಲೆಯ ಮೇಲೆ ಜೇಡರ ಬಲೆಯಂತೆ ತಂತಿಗಳು, ಕಾಲ ಬಳಿ ಕೇಬಲ್ಲಿನ ಸುರುಳಿಗಳು. ಒಂದೊಂದು ಅಂಗಡಿಯ ಅಗಲ ಮನೆಯ ಬಾಗಿಲಿನಷ್ಟು. ಒಳಗೆ ಗೋಡೆಯ ತುಂಬ ಪುಟ್ಟ ಡಬ್ಬಿಗಳು, ಡಬ್ಬಿಯ ಮೇಲೆ ಮೂಲಂಗಿ ಸೊಪ್ಪಿನ ಬೆಲೆ ಬರೆದಂತೆ ಸೀಸದ ಕಡ್ಡಿಯಲ್ಲಿ ಬರೆದ ಅಂಕಿಗಳು. ಅದರ ಅರ್ಥ ಅಂಗಡಿಯವರಿಗೆ ಗೊತ್ತು, ಕೈಯಲ್ಲಿ ಚೀಟಿ ಹಿಡಿದು ಬಂದ ಪಾಲಿಟೆಕ್ನಿಕ್ ಹುಡುಗನಿಗೆ ಗೊತ್ತು. ಸುಮ್ಮನೆ ನೋಡಲು ಬಂದವರಿಗೆ ಮಾತ್ರ ಅದೊಂದು ಒಗಟು.

ಈ ಬೀದಿಗೆ ಕಾಲಕ್ಕೆ ತಕ್ಕಂತೆ ಅಂಗಿ ಬದಲಿಸುವ ಅಭ್ಯಾಸವಿದೆ. ರೇಡಿಯೊ ಬಿಡಿಭಾಗಗಳಿದ್ದ ಕಡೆ ಟಿ.ವಿ. ಬಿಡಿಭಾಗಗಳು ಬಂದವು. ಆಮೇಲೆ ಕಂಪ್ಯೂಟರ್ ಬಂತು, ಮೊಬೈಲ್ ಬಂತು, ಈಗ ಮುಂದಿನ ಸಾಲಿನ ಅಂಗಡಿಗಳಲ್ಲಿ ಕಾವಲು ಕ್ಯಾಮೆರಾಗಳದ್ದೇ ದರ್ಬಾರು. ಆದರೂ ಹಳೆಯದು ಪೂರ್ತಿ ಹೋಗಿಲ್ಲ, ಹಿಂದಿನ ಓಣಿಗೆ ಸರಿದಿದೆ ಅಷ್ಟೆ. ಅಟ್ಟದ ಮೇಲೆ ಮಲಗಿರುವ ಕಪ್ಪುಬಿಳುಪು ಟಿ.ವಿ.ಯೊಂದನ್ನು ಮತ್ತೆ ಎಬ್ಬಿಸಬೇಕೆಂಬ ಹುಚ್ಚು ಹಿಡಿದವರು ಇವತ್ತಿಗೂ ಇಲ್ಲಿಗೇ ಬರಬೇಕು.

ಆ ಟಿ.ವಿ. ಎಂಥದೆಂದು ಇಂದಿನ ಶಾಲಾ ಮಕ್ಕಳಿಗೆ ಹೇಳಬೇಕಾಗುತ್ತದೆ. ನಾಲ್ಕು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ. ಮುಂದೆ ಎರಡು ಕಡೆಯಿಂದ ಎಳೆದು ಮುಚ್ಚುವ ಷಟರ್, ಕೆಲವಕ್ಕೆ ಬೀಗ ಕೂಡ. ಇಪ್ಪತ್ತು ಇಂಚಿನ ಉಬ್ಬು ಗಾಜು. ಚಾನೆಲ್ ಬದಲಿಸಲು ಕಟಕಟ ಸದ್ದು ಮಾಡುವ ತಿರುಪು. ಡಯನೋರಾ, ಸಾಲಿಡೇರ್, ಕೆಲ್ಟ್ರಾನ್, ಅಪ್ಟ್ರಾನ್, ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸಿದ ಇ.ಸಿ. ಟಿ.ವಿ. ಇವೆಲ್ಲ ಆಗ ಮನೆತನದ ಹೆಸರುಗಳಂತೆ ಓಡಾಡುತ್ತಿದ್ದವು. ಕೊಳ್ಳುವುದರ ಜೊತೆಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕವನ್ನೂ ಕಟ್ಟಬೇಕಿತ್ತು. ಆ ಕಾಟ ತಪ್ಪಿದ್ದು 1985ರಲ್ಲಿ.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ದೆಹಲಿಯಲ್ಲಿ 1959ರಲ್ಲೇ ಪ್ರಸಾರ ಶುರುವಾಗಿತ್ತು ಎಂಬುದನ್ನು ನೆನೆದರೆ ರಾಜ್ಯದ ರಾಜಧಾನಿ ಎಷ್ಟು ಕಾದಿತ್ತೆಂದು ತಿಳಿಯುತ್ತದೆ. ಇಲ್ಲೊಂದು ತಮಾಷೆಯ ಸಂಗತಿಯುಂಟು. ಬೆಂಗಳೂರಿನವರಿಗಿಂತ ಆರು ವರ್ಷ ಮೊದಲೇ ಇಂದಿನ ಕಲಬುರಗಿ, ವಿಜಯಪುರ, ರಾಯಚೂರು ಸೀಮೆಯ ಹಳ್ಳಿಗರು ಟಿ.ವಿ. ನೋಡಿದ್ದರು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎ.ಟಿ.ಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ಕೋಳಿಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿಯೇ ಆಂಟೆನಾ. ಪಟ್ಟಣದವರು ಹಳ್ಳಿಯವರನ್ನು ನೋಡಿ ಹೊಟ್ಟೆಕಿಚ್ಚು ಪಡಬೇಕಾದ ಅಪರೂಪದ ವರ್ಷ ಅದು.

ಇಂಥ ಸೆಟ್ಟನ್ನು ಇವತ್ತು ಗುಜರಿಯವರಿಗೆ ಕೊಟ್ಟರೆ ಅವರ ಲೆಕ್ಕ ಬೇರೆ. ಚಿತ್ರನಳಿಕೆಯ ಕುತ್ತಿಗೆಗೆ ಸುತ್ತಿದ ಯೋಕ್ ಎಂಬ ಸುರುಳಿಯಲ್ಲಿ ತಾಮ್ರವಿದೆ. ಅದನ್ನು ಕಿತ್ತುಕೊಳ್ಳಲು ಗಾಜನ್ನು ಒಡೆಯುತ್ತಾರೆ. ಆ ಗಾಜಿನಲ್ಲಿ ಸೀಸ ಸೇರಿರುವುದರಿಂದ ಅದು ಬಿದ್ದಲ್ಲೆಲ್ಲ ವಿಷ. ಹಿಡಿ ತಾಮ್ರಕ್ಕಾಗಿ ಹೋದದ್ದು ಮಾತ್ರ ಮತ್ತೆ ಎಲ್ಲೂ ಸಿಗದ ವಸ್ತು. ಏಕೆಂದರೆ ಹಳೆಯ ಟಿ.ವಿ.ಯಲ್ಲಿ ಉಳಿದ ಎಲ್ಲದಕ್ಕೂ ಬದಲಿ ಉಂಟು, ಇಲ್ಲವೇ ಬದಲಿಯನ್ನು ಹೊಂದಿಸಬಹುದು. ಚಿತ್ರನಳಿಕೆಗೆ ಇಲ್ಲ. ಹೊಸ ನಳಿಕೆ ಮಾರುಕಟ್ಟೆಗೆ ಬರುವುದು ನಿಂತು ವರ್ಷಗಳೇ ಆದವು.

ಆದ್ದರಿಂದ ರಿಪೇರಿ ಬಲ್ಲವರು ಮೊದಲು ಕೇಳುವ ಪ್ರಶ್ನೆ 'ಟ್ಯೂಬ್ ಹೇಗಿದೆ?' ಎಂದು. ಕುತ್ತಿಗೆಯ ತುದಿಯ ಸಾಕೆಟ್ ಬಿಚ್ಚಿ, ಫಿಲಮೆಂಟಿನ ಎರಡು ಕಡ್ಡಿಗಳಿಗೆ ಮಲ್ಟಿಮೀಟರ್ ಹಚ್ಚಿದಾಗ ಮುಳ್ಳು ಆಡಿದರೆ ಅರ್ಧ ಉಸಿರು ಬಂದಂತೆ. ಪೂರ್ತಿ ಉಸಿರು ಬರುವುದು ತೆರೆ ಬೆಳಗಿದ ಮೇಲೆಯೇ. ವರ್ಷಗಟ್ಟಲೆ ಉರಿದು ಸವೆದ ನಳಿಕೆಯಲ್ಲಿ ಚಿತ್ರ ಬೂದಿ ಬಳಿದಂತೆ ಮಸುಕಾಗಿ ಬರುತ್ತದೆ. ಎಲೆಕ್ಟ್ರಾನು ಸೂಸುವ ಕ್ಯಾಥೋಡಿನ ಲೇಪ ಮುಗಿಯುತ್ತ ಬಂದಿದೆ ಎಂಬುದರ ಲಕ್ಷಣ ಅದು. ಹಿಂದೆ ಇಂಥದಕ್ಕೆ ಫಿಲಮೆಂಟಿಗೆ ಒಂದಿಷ್ಟು ಹೆಚ್ಚು ವೋಲ್ಟೇಜು ಕೊಟ್ಟು ಇನ್ನೊಂದೆರಡು ವರ್ಷ ದೂಡುತ್ತಿದ್ದರು; ನಳಿಕೆಯ ಕುತ್ತಿಗೆ ತೆಗೆದು ಹೊಸ ಗನ್ ಕೂರಿಸಿ ಮತ್ತೆ ಗಾಳಿ ಹೀರಿ ಮುಚ್ಚುವ 'ರಿಗನ್ನಿಂಗ್' ಕಸುಬೂ ಇತ್ತು. ಚಿತ್ರನಳಿಕೆಯ ಪೇಟೆಯೇ ಮುಳುಗಿದ ಮೇಲೆ ಆ ಕಸುಬಿಗೂ ನೆಲೆ ತಪ್ಪಿತು.

ಮುಂದಕ್ಕೆ ಹೋಗುವ ಮುನ್ನ ಪೋಷಕರಿಗೆ ಒಂದು ಮಾತು. ಈ ಪೆಟ್ಟಿಗೆ ರೇಡಿಯೊದಂತೆ ಸಾಧುವಲ್ಲ. ಚಿತ್ರನಳಿಕೆಯ ಬದಿಯಲ್ಲಿ ರಬ್ಬರ್ ಟೋಪಿಯ ಕೆಳಗಿರುವ ಬಿಂದುವಿಗೆ ಸುಮಾರು 15,000 ವೋಲ್ಟ್ ಹೋಗುತ್ತದೆ. ನಳಿಕೆಯ ಗಾಜಿನ ಒಳಗೂ ಹೊರಗೂ ಬಳಿದ ಕಪ್ಪು ಲೇಪ ಸೇರಿ ಒಂದು ದೊಡ್ಡ ಕೆಪಾಸಿಟರಿನಂತೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವುದರಿಂದ ಪ್ಲಗ್ಗು ಕಿತ್ತ ಮೇಲೂ ಹೊಡೆತ ಬೀಳಬಹುದು. ಹಲವು ಸೆಟ್ಟುಗಳಲ್ಲಿ ಒಳಗಿನ ಲೋಹದ ಚಾಸಿಗೇ ಮನೆಯ ವಿದ್ಯುತ್ತು ನೇರವಾಗಿ ತಗಲಿರುತ್ತದೆ. ಸಾಲದೆಂಬಂತೆ ನಳಿಕೆಯ ಒಳಗೆ ನಿರ್ವಾತ. ಇಪ್ಪತ್ತು ಇಂಚಿನ ತೆರೆಯ ಮೇಲೆ ಹೊರಗಿನ ಗಾಳಿ ಒತ್ತುವ ಭಾರ ಒಂದು ಟನ್ನಿಗೂ ಹೆಚ್ಚು. ಕುತ್ತಿಗೆಗೆ ಪೆಟ್ಟು ಬಿದ್ದರೆ ಗಾಜು ಒಳಕ್ಕೆ ಸಿಡಿದು ಚೂರುಗಳು ಎಲ್ಲೆಡೆ ಹಾರುತ್ತವೆ. ಹಾಗಾಗಿ ಹಿಂಬದಿಯ ಮುಚ್ಚಳ ತೆಗೆಯುವ ಕೆಲಸ ಬಲ್ಲವರ ಎದುರಿನಲ್ಲೇ ಆಗಬೇಕು. ಶೇಖರವಾದ ವಿದ್ಯುತ್ತನ್ನು ಇಳಿಸುವುದು ಬಲ್ಲವರೇ ಮಾಡಬೇಕು. ಹಳೆಯ ಮೆಕ್ಯಾನಿಕ್‌ಗಳು ವಿದ್ಯುತ್ತಿರುವ ಸೆಟ್ಟಿಗೆ ಕೈಹಾಕುವಾಗ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದುದು ಠೀವಿಗಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕ, ವಿದ್ಯುತ್ತಿಗೆ ದಾರಿ ಸಿಗಬಾರದೆಂದು.

ಮುಚ್ಚಳ ತೆಗೆದರೆ ಮೊದಲು ಕಾಣುವುದು ಧೂಳು. ಹೆಚ್ಚಿನ ವೋಲ್ಟೇಜಿನ ಸೆಳೆತಕ್ಕೆ ಧೂಳು ಅಲ್ಲಿ ಉಳಿದೆಲ್ಲ ಕಡೆಗಿಂತ ದಪ್ಪನಾಗಿ ಕೂರುತ್ತದೆ. ಜೊತೆಗೆ ಕಣಜದ ಮಣ್ಣಿನ ಗೂಡು, ಜಿರಲೆಯ ಮೊಟ್ಟೆ, ಬೆಚ್ಚಗಿನ ಜಾಗ ಹುಡುಕಿ ಬಂದು ಎರಡು ತಂತಿಗಳ ನಡುವೆ ಪ್ರಾಣಬಿಟ್ಟ ಹಲ್ಲಿ. ಮೆತ್ತನೆಯ ಕುಂಚದಿಂದ ಇವನ್ನೆಲ್ಲ ಗುಡಿಸುವುದೇ ಅರ್ಧ ದಿನದ ಕೆಲಸ. ಎಷ್ಟೋ ಸಲ ಕಾಯಿಲೆಯೂ ಅಲ್ಲೇ ಸಿಕ್ಕಿಬಿಡುತ್ತದೆ. ಉರಿದ ರೆಸಿಸ್ಟರ್ ಕಪ್ಪಾಗಿ ಕಾಣುತ್ತದೆ. ಭಾರದ, ಬಿಸಿಯಾಗುವ ಭಾಗಗಳ ಕಾಲಿನ ಸುತ್ತ ಬೆಸುಗೆ ಬಿರುಕು ಬಿಟ್ಟು ಕೂದಲೆಳೆಯ ಉಂಗುರದಂತೆ ತೋರುತ್ತದೆ.

ತಕ್ಷಣ ಪ್ಲಗ್ಗು ಚುಚ್ಚಿ ನೋಡೋಣವೆಂಬ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿ ಸುಟ್ಟುಕೊಂಡ ಸೆಟ್ಟುಗಳಿಗೆ ಲೆಕ್ಕವಿಲ್ಲ. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೊಳಗಿನ ರಸಾಯನ ಒಣಗಿ, ಅಲ್ಯೂಮಿನಿಯಂ ಹಾಳೆಯ ಮೇಲಿನ ನಿರೋಧಕ ಪದರ ಸವೆದಿರುತ್ತದೆ. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಅವು ದೀಪಾವಳಿ ಆಚರಿಸುತ್ತವೆ. ಅದಕ್ಕೇ ಬೀದಿಯ ಮೆಕ್ಯಾನಿಕ್‌ಗಳ ಬಳಿ ಒಂದು ಸರಳ ಉಪಾಯವಿದೆ: ಸೀರೀಸ್ ಬೋರ್ಡ್. ಸೆಟ್ಟಿಗೆ ಹೋಗುವ ದಾರಿಯಲ್ಲಿ 100 ವ್ಯಾಟಿನ ಹಳೇ ಮಾದರಿಯ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸುವುದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸೆಟ್ಟಿನಲ್ಲಿ ಜೀವವಿದೆ. ಪೂರ್ತಿ ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಷಾರ್ಟ್ ಆಗಿದೆ, ಮುಂದುವರಿಯಬಾರದು. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಡಿಮ್ಮರ್‌ಸ್ಟ್ಯಾಟ್ ಇದ್ದರೆ ಇನ್ನೂ ಒಳ್ಳೆಯದು. ಹತ್ತು ಹತ್ತು ವೋಲ್ಟಿನಂತೆ ನಿಧಾನಕ್ಕೆ ಏರಿಸಬಹುದು. ಆದರೆ ಡಿಮ್ಮರ್‌ಸ್ಟ್ಯಾಟ್ ಷಾಕಿನಿಂದ ಕಾಪಾಡುವುದಿಲ್ಲ. ಅದಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇರೆಯೇ ಬೇಕು. ವಿದ್ಯಾರ್ಥಿಗಳು ಇವೆರಡನ್ನೂ ಒಂದೇ ಎಂದುಕೊಳ್ಳುವುದುಂಟು.

ಇಷ್ಟಾದ ಮೇಲೆ ಎಸ್.ಪಿ. ರಸ್ತೆಯ ಓಡಾಟ ಶುರು. ಕೆಪಾಸಿಟರ್ ಕೊಳ್ಳುವುದು ಸುಲಭ. ಮೈಕ್ರೊಫ್ಯಾರಡ್ ಅದೇ ಇರಬೇಕು, ವೋಲ್ಟೇಜು ಅಷ್ಟೇ ಇರಬೇಕು ಇಲ್ಲವೇ ಹೆಚ್ಚಿರಬೇಕು. ಹಳೆಯದು ಹೆಬ್ಬೆರಳಿನಷ್ಟು ದಪ್ಪವಿದ್ದರೆ ಹೊಸದು ಕಿರುಬೆರಳಿನಷ್ಟಿರುತ್ತದೆ. ಮೋಸವಲ್ಲ, ತಯಾರಿಕೆ ಸುಧಾರಿಸಿದೆ. ಬೆಲೆಯೂ ಹಗುರ. ರೆಸಿಸ್ಟರ್, ಡಯೋಡ್, ಸಾಮಾನ್ಯ ಟ್ರಾನ್ಸಿಸ್ಟರುಗಳೂ ಹೀಗೆಯೇ ಕೈಗೆ ಸಿಗುತ್ತವೆ. ಕಷ್ಟ ಬರುವುದು ಎಚ್.ಟಿ. ಟ್ರಾನ್ಸ್‌ಫಾರ್ಮರಿಗೆ, ಅಂದರೆ ಆ 15,000 ವೋಲ್ಟನ್ನು ಹುಟ್ಟಿಸುವ ಸುರುಳಿಗೆ. ಕಂಪೆನಿಗೊಂದು, ಮಾದರಿಗೊಂದು. ಅದಕ್ಕಾಗಿ ಹಿಂದಿನ ಓಣಿಗಳ ಅಂಗಡಿಗಳ ಅಟ್ಟ ಹುಡುಕಿಸಬೇಕು. ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗುವುದು ಜಾಣತನ. ಬಾಯಲ್ಲಿ ವರ್ಣಿಸಿದರೆ ತಲೆಯಾಡಿಸುವ ಅಂಗಡಿಯವರು ವಸ್ತು ನೋಡಿದೊಡನೆ ಏಣಿ ಹತ್ತಿದರೂ ಹತ್ತಿದರೇ.

ಎಪ್ಪತ್ತರ ದಶಕದ ಸೆಟ್ಟಾದರೆ ಒಳಗೆ ಟ್ರಾನ್ಸಿಸ್ಟರಿನ ಜೊತೆ ಗಾಜಿನ ವಾಲ್ವುಗಳೂ ಇರಬಹುದು. ಅವುಗಳ ಮೇಲೆ ಬಿ.ಇ.ಎಲ್. ಎಂಬ ಮೂರಕ್ಷರ ಕಂಡರೆ ಬೆಂಗಳೂರಿನವರು ತುಸು ಹೆಮ್ಮೆಪಡಬಹುದು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಜಾಲಹಳ್ಳಿಯ ತನ್ನ ಕಾರ್ಖಾನೆಯಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸಿ ದೇಶಕ್ಕೆಲ್ಲ ಕೊಟ್ಟಿತು; ಕಪ್ಪುಬಿಳುಪು ಚಿತ್ರನಳಿಕೆಗಳನ್ನೂ ಮಾಡಿತು. ವಾಲ್ವಿನ ಹೆಸರೇ ಅದರ ಜಾತಕ. 'ಪಿಸಿಎಲ್' ಎಂದಿದ್ದರೆ ಮೊದಲ ಅಕ್ಷರ ಪಿ, ಅದರ ಫಿಲಮೆಂಟಿನಲ್ಲಿ 300 ಮಿಲಿಆಂಪ್ ಹರಿಯಬೇಕೆಂದು ಹೇಳುತ್ತದೆ. ಸಿ ಎಂದರೆ ಟ್ರಯೋಡ್, ಎಲ್ ಎಂದರೆ ಶಕ್ತಿ ಕೊಡುವ ಪೆಂಟೋಡ್, ಎರಡೂ ಒಂದೇ ಗಾಜಿನೊಳಗೆ. ಪಿ ಬಳಗದ ವಾಲ್ವುಗಳ ಫಿಲಮೆಂಟುಗಳನ್ನೆಲ್ಲ ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನಂತೆ ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ. ಒಂದು ಸುಟ್ಟರೆ ಎಲ್ಲವೂ ಕತ್ತಲು. ಯಾವುದು ಸುಟ್ಟಿದೆ ಎಂದು ಹುಡುಕುವ ಬಗೆಯೂ ಹಬ್ಬದ ದೀಪದ್ದೇ. ಕೊಳ್ಳುವಾಗ ವಾಲ್ವಿನ ತಲೆಯ ಒಳಗಿನ ಬೆಳ್ಳಿಬಣ್ಣದ ಮಚ್ಚೆಯನ್ನು ನೋಡಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ನುಗ್ಗಿದೆ. ಅಂಗಡಿಯವರು ಎಷ್ಟೇ ಆಣೆ ಮಾಡಿದರೂ ಬೇಡ.

ಬಿಡಿಭಾಗಗಳ ಅಂಗಡಿಗಿಂತಲೂ ಅಪರೂಪವಾಗುತ್ತಿರುವುದು ಸೆಟ್ಟಿನ ಮುಖ ನೋಡಿ ಕಾಯಿಲೆ ಹೇಳುವವರು. ತೆರೆಯ ನಡುವೆ ಅಡ್ಡಲಾಗಿ ಒಂದೇ ಬಿಳಿಗೆರೆ ಬಂದರೆ ಎಲೆಕ್ಟ್ರಾನ್ ಕಿರಣವನ್ನು ಮೇಲೆ ಕೆಳಗೆ ಆಡಿಸುವ ವಿಭಾಗ ನಿಂತಿದೆ. ಚಿತ್ರದಲ್ಲಿ ತಲೆಗಳು ಉದ್ದವಾಗಿ ಕಾಲುಗಳು ಗಿಡ್ಡವಾದರೆ ಅದೇ ವಿಭಾಗದ ಕೆಪಾಸಿಟರ್ ಒಣಗಿದೆ. ಅಂಚುಗಳು ಹಾವಿನಂತೆ ಬಳುಕಿ, ಕಪ್ಪು ಪಟ್ಟಿಯೊಂದು ಮೇಲಕ್ಕೆ ಹತ್ತುತ್ತಿದ್ದರೆ ವಿದ್ಯುತ್ ಪೂರೈಕೆಯ ಫಿಲ್ಟರ್ ಕೆಪಾಸಿಟರನ್ನು ನೋಡಬೇಕು. ಧ್ವನಿ ಬಂದು ತೆರೆ ಕತ್ತಲಾಗಿಯೇ ಉಳಿದರೆ ಎಚ್.ಟಿ. ಟ್ರಾನ್ಸ್‌ಫಾರ್ಮರಿನ ಕಡೆ ಅನುಮಾನ. ನಾಡಿ ಹಿಡಿದು ಹೇಳುವ ವೈದ್ಯರಂತೆ ಇದನ್ನೆಲ್ಲ ಹೇಳುತ್ತಿದ್ದ ಒಂದು ಪೀಳಿಗೆಯೇ ಇತ್ತು. ಐ.ಟಿ.ಐ.ಗಳಲ್ಲಿ ರೇಡಿಯೊ ಮತ್ತು ಟಿ.ವಿ. ಮೆಕ್ಯಾನಿಕ್ ಎಂಬ ವೃತ್ತಿ ಶಿಕ್ಷಣವಿತ್ತು, ಊರೂರಿನ ಬಸ್‌ಸ್ಟ್ಯಾಂಡಿನ ಬಳಿ ಅವರ ಅಂಗಡಿಯಿತ್ತು. ಇಂದಿನ ಟಿ.ವಿ. ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸುತ್ತಾರೆ, ಇಲ್ಲವೇ ಟಿ.ವಿ.ಯನ್ನೇ. ಅದರಲ್ಲಿ ಕಲಿಯುವುದಕ್ಕೇನೂ ಇಲ್ಲವೆಂದಲ್ಲ, ಆದರೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಣ್ಣಾರೆ ನೋಡಿ 'ಇದರಿಂದ ಅದಾಯಿತು' ಎಂದು ಬೆರಳಿಟ್ಟು ತೋರಿಸುವಂಥದು ಕಡಿಮೆ. ಹಳೆಯ ಸೆಟ್ಟಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಜಾಗ, ಒಂದು ಆಕಾರ ಇದೆ. ಒಳಗಿನ ನಕ್ಷೆ ಓದಲು ಕಲಿಯಬೇಕೆನ್ನುವವರು ಹತ್ತಿರದ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲಿನಲ್ಲಿ ಆರ್.ಆರ್. ಗುಲಾಟಿಯವರ ಟೆಲಿವಿಷನ್ ಪಠ್ಯಪುಸ್ತಕವನ್ನು ಕೇಳಿ ನೋಡಬಹುದು. ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎಷ್ಟೋ ತಂಡಗಳು ಅದನ್ನು ಓದಿಯೇ ಪರೀಕ್ಷೆ ಬರೆದವು.

ಕಾಯಿಲೆ ವಾಸಿಯಾಗಿ, ತೆರೆಯೂ ಬೆಳಗಿತೆನ್ನಿ. ಆಗ ಎದುರಾಗುವುದು ಹೊಸ ತೊಡಕು. ನೋಡುವುದು ಏನನ್ನು? ಜೆ.ಸಿ. ನಗರದ ಟಿ.ವಿ. ಟವರಿನ ಕಡೆಗೆ ಆಂಟೆನಾ ತಿರುಗಿಸಿ 'ಬಂತಾ? ಬಂತಾ?' ಎಂದು ಮಾಳಿಗೆಯಿಂದ ಕೂಗುವ ಕಾಲ ಮುಗಿಯಿತು. ದೂರದರ್ಶನವು ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಹಂತ ಹಂತವಾಗಿ ನಿಲ್ಲಿಸುತ್ತ ಬಂದು, 2022ರ ಹೊತ್ತಿಗೆ ದೇಶದಲ್ಲಿ ಬಹುತೇಕ ಎಲ್ಲವನ್ನೂ ಮುಚ್ಚಿತು. ಕೇಬಲ್ಲಿನ ಅನಲಾಗ್ ಪ್ರಸಾರಕ್ಕೆ ಬೆಂಗಳೂರಿನಲ್ಲಿ ಕೊನೆಯ ಗಡುವು ಬಂದದ್ದು 2013ರ ಮಾರ್ಚ್ 31ಕ್ಕೆ. ಹೀಗೆ ಸರಿಹೋದ ಸೆಟ್ಟು, ಭಾಷೆ ಬಲ್ಲವರೇ ಇಲ್ಲದ ಊರಿಗೆ ಬಂದಿಳಿದ ನೆಂಟನಂತಾಗುತ್ತದೆ.

ದುಭಾಷಿಯೊಂದನ್ನು ಇಡಬೇಕು. ಅದರ ಹೆಸರು ಮಾಡ್ಯುಲೇಟರ್. ಸೆಟ್‌ಟಾಪ್ ಪೆಟ್ಟಿಗೆಯಿಂದ ಹೊರಬರುವ ಚಿತ್ರವನ್ನೂ ಧ್ವನಿಯನ್ನೂ ಅದು ಹಳೆಯ ಕಾಲದ ಚಾನೆಲ್ಲೊಂದರ ತರಂಗವಾಗಿ ಮಾರ್ಪಡಿಸಿ ಕೊಡುತ್ತದೆ. ಕೇಬಲ್‌ನವರಿಗೆ ಬೇಡವಾದ ಮಾಡ್ಯುಲೇಟರುಗಳು ಹಳೇ ಸಾಮಾನಿನ ನಡುವೆ ಸಿಗುವುದುಂಟು. ಭಾನುವಾರ ಬೆಳಿಗ್ಗೆ ಮಾರುಕಟ್ಟೆಯ ಆಸುಪಾಸಿನಲ್ಲಿ ನೆಲದ ಮೇಲೆ ಹರಡಿಕೊಂಡು ಕೂರುವ ಸಂಡೆ ಬಜಾರೂ ಅದಕ್ಕೆ ಯೋಗ್ಯ ಜಾಗ. ಗಮನಿಸಬೇಕಾದದ್ದು, ಹಳೆಯ ಸೆಟ್ಟಿನ ತಿರುಪು ವಿ.ಎಚ್.ಎಫ್. ಚಾನೆಲ್ಲುಗಳನ್ನಷ್ಟೇ ಬಲ್ಲದು, ಹಾಗಾಗಿ ಮಾಡ್ಯುಲೇಟರೂ ಅದೇ ಪಟ್ಟಿಯದಾಗಿರಬೇಕು. ಸೆಟ್ಟಿನ ಹಿಂದಿರುವುದು ಚಪ್ಪಟೆ ತಂತಿಯ 300 ಓಮ್ ಕಿಂಡಿ, ಇಂದಿನ ಗುಂಡು ಕೇಬಲ್ 75 ಓಮ್‌ನದು. ನಡುವೆ ಬಾಲುನ್ ಎಂಬ ಪುಟ್ಟ ಜೋಡಣೆ ಬೇಕಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಹಳಬರು ನಗುತ್ತ ಕೊಡುತ್ತಾರೆ, ಹೊಸ ಹುಡುಗರು 'ಅದೇನು ಸಾರ್?' ಎನ್ನುತ್ತಾರೆ.

ಮಾಡ್ಯುಲೇಟರ್ ಸಿಗುವತನಕ ನೋಡಲು ಏನೂ ಇಲ್ಲವೆಂದು ತಿಳಿಯಬಾರದು. ಖಾಲಿ ಚಾನೆಲ್ಲಿಗೆ ತಿರುಗಿಸಿದರೆ ತೆರೆಯ ತುಂಬ ನುಚ್ಚಕ್ಕಿ ಹಾರಿದಂತೆ ಚುಕ್ಕಿಗಳು. ಅದರಲ್ಲಿ ಹೆಚ್ಚಿನದು ಸೆಟ್ಟಿನದೇ ಗದ್ದಲ, ಅಕ್ಕಪಕ್ಕದ ವಿದ್ಯುತ್ ಉಪಕರಣಗಳದ್ದು. ಆದರೆ ಒಂದು ಚಿಕ್ಕ ಪಾಲು, ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವ ಹುಟ್ಟಿದಾಗಿನ ಕಾವಿನ ಪಳೆಯುಳಿಕೆ. ಅಮೆರಿಕದ ಪೆನ್ಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದಲ್ಲಿ ಎಷ್ಟು ಒರೆಸಿದರೂ ಹೋಗದ ಗುಂಯ್‌ಗುಡುವಿಕೆಯಾಗಿ ಇದನ್ನು ಕಂಡು 1965ರಲ್ಲಿ ಪ್ರಕಟಿಸಿದರು. 1978ರಲ್ಲಿ ಅವರಿಗೆ ನೊಬೆಲ್ ಬಂತು. ಈಗಿನ ಟಿ.ವಿ.ಗಳು ಸಂಕೇತ ಇಲ್ಲದಿದ್ದರೆ ನೀಲಿ ಪರದೆ ಎಳೆದು ಕೂರುತ್ತವೆ, ಅವುಗಳಲ್ಲಿ ಈ ಭಾಗ್ಯವಿಲ್ಲ.

ಇನ್ನೊಂದು ಪರೀಕ್ಷೆ ಮನೆಮಂದಿಯೆಲ್ಲ ಸೇರಿ ಮಾಡುವಂಥದು. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625. ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ ಅಷ್ಟು ಸಲ ಎಡದಿಂದ ಬಲಕ್ಕೆ ಓಡುತ್ತದೆ, ಆ ಓಟಕ್ಕೆ ಎಚ್.ಟಿ. ಟ್ರಾನ್ಸ್‌ಫಾರ್ಮರ್ ಸಣ್ಣಗೆ ಸಿಳ್ಳೆ ಹಾಕುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಎತ್ತರದ ಸ್ವರಗಳನ್ನೇ. ಹಾಗಾಗಿ ಸೆಟ್ಟು ಬೆಳಗಿದ ಹೊತ್ತಿನಲ್ಲಿ ಅದನ್ನು ಸಾವಿರಾರು ರೂಪಾಯಿ ಕೊಟ್ಟು ಕೊಂಡಿದ್ದ ತಾತನಿಗೆ ಏನೂ ಕೇಳಿಸುವುದಿಲ್ಲ. ಪಕ್ಕದಲ್ಲಿ ಕುಳಿತ ಮೊಮ್ಮಗಳು ಕಿವಿ ಮುಚ್ಚಿಕೊಂಡು 'ಏನದು ಕೀಂಯ್ ಅಂತಿದೆ?' ಎನ್ನುತ್ತಾಳೆ.

ಎಸ್.ಪಿ. ರಸ್ತೆಗೆ ಕಾರು ಒಯ್ಯುವುದು ಬೇಡ, ನಿಲ್ಲಿಸಲು ಜಾಗ ಸಿಗದು. ಮೆಟ್ರೊದ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರುಕಟ್ಟೆ ಅಥವಾ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಸಂಡೆ ಬಜಾರಿಗೆಂದು ಬಂದವರು ಇನ್ನೊಂದು ದಿನ ಬರಬೇಕಾದೀತು. ಬೆಳಿಗ್ಗೆ ಬೇಗ ಹೋದರೆ ಅಂಗಡಿಯವರಿಗೂ ಪುರುಸೊತ್ತಿರುತ್ತದೆ. ಹಳೆಯ ಭಾಗ, ಬರೆದುಕೊಂಡ ಚೀಟಿ, ಚಿಲ್ಲರೆ ಕೈಯಲ್ಲಿರಲಿ.